ಡಿಜಿಟಲ್ ಸೇವೆಗೆ ಹಣ ತೆರುವ ಮುನ್ನ

ಮಾನ್ಯ ಸಂಪಾದಕರೇ,

ವಾಣಿಜ್ಯ ಕಂಪನಿಗಳ ಡಿಜಿಟಲ್ ಸೇವೆಗಳಿಗೆ ಶಿಕ್ಷಣ ಸಂಸ್ಥೆಗಳು ಹಣ ತೆರಬೇಕೇ ಎಂಬ ಚರ್ಚೆ ಎದ್ದಾಗಲೆಲ್ಲ ‘ಪುಕ್ಕಟೆ ಸಿಗುವಾಗ ದುಡ್ಡೇಕೆ?’ ಎಂಬ ಮಾತು ಮೊದಲು ಬರುತ್ತದೆ. ಹಲವು ವರ್ಷ ಪಾಠ ಹೇಳುತ್ತ, ಕಾಲೇಜಿನ ಖರೀದಿ ಸಮಿತಿಯಲ್ಲೂ ಕುಳಿತಿದ್ದ ನನಗೆ ಆತಂಕ ಹುಟ್ಟಿಸುವುದು ಈ ಮಾತೇ.

ಗೂಗಲ್ ಕಂಪನಿ 2006ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಇಮೇಲ್ ಮುಂತಾದ ಸೇವೆಗಳನ್ನು ಉಚಿತವಾಗಿ ಕೊಡತೊಡಗಿತು. ಮುಂದೆ ಮಿತಿಯಿಲ್ಲದ ಸಂಗ್ರಹ ಸ್ಥಳವನ್ನೂ ಕೊಟ್ಟಿತು. ಅದನ್ನು ನಂಬಿ ಎಷ್ಟೋ ವಿಶ್ವವಿದ್ಯಾಲಯಗಳು ತಮ್ಮ ಸರ್ವರ್‌ಗಳನ್ನು ಮುಚ್ಚಿ, ಸಂಶೋಧನೆಯ ದತ್ತಾಂಶವನ್ನೆಲ್ಲ ಅಲ್ಲಿಗೆ ಸಾಗಿಸಿದ ಮೇಲೆ, 2021ರಲ್ಲಿ ಇಡೀ ಸಂಸ್ಥೆಗೆ ಒಟ್ಟು 100 ಟೆರಾಬೈಟ್ ಎಂಬ ಮಿತಿ ಪ್ರಕಟವಾಯಿತು. ಸಣ್ಣ ಶಾಲೆಗೆ ಅಷ್ಟು ಸಾಕು. ದೊಡ್ಡ ವಿಶ್ವವಿದ್ಯಾಲಯ ಮಾತ್ರ ಕಡತ ಅಳಿಸಬೇಕು, ಇಲ್ಲವೇ ಹಣ ಕಟ್ಟಬೇಕು. ಕಂಪನಿ ಮೋಸ ಮಾಡಿತೆಂದು ನಾನು ಹೇಳುತ್ತಿಲ್ಲ. ಉಚಿತವಾಗಿ ಪಡೆದವರಿಗೆ ಷರತ್ತು ಹಾಕುವ ಅಧಿಕಾರ ಇರಲಿಲ್ಲ, ಅಷ್ಟೆ. ಫ್ರಾನ್ಸ್‌ನ ಶಿಕ್ಷಣ ಸಚಿವಾಲಯವು 2022ರಲ್ಲಿ ಗೂಗಲ್ ಮತ್ತು ಮೈಕ್ರೋಸಾಫ್ಟ್‌ಗಳ ಉಚಿತ ಆವೃತ್ತಿಗಳು ಶಾಲೆಗಳಿಗೆ ಬೇಡವೆಂದಾಗ ಕೊಟ್ಟ ಕಾರಣಗಳಲ್ಲಿ ಇದೂ ಒಂದು: ಬಿಟ್ಟಿ ಸೇವೆ ಸಾರ್ವಜನಿಕ ಖರೀದಿಯ ನಿಯಮಗಳ ಹೊರಗೆ ಉಳಿದುಬಿಡುತ್ತದೆ.

ಆದ್ದರಿಂದ ಹಣ ತೆರಲಿ ಎಂಬುದೇ ನನ್ನ ಅಭಿಪ್ರಾಯ. ಆದರೆ ಹಣ ತೆತ್ತವರೂ ಸಿಕ್ಕಿಬೀಳುವುದುಂಟು. ನಾನಿದ್ದ ಕಾಲೇಜು, ಪಾಠ-ಪರೀಕ್ಷೆಗಳನ್ನು ಅಂತರಜಾಲದಲ್ಲಿ ನಡೆಸುವ ಒಂದು ಕಲಿಕಾ ತಾಣಕ್ಕೆ ವರ್ಷವರ್ಷವೂ ಶುಲ್ಕ ಕಟ್ಟುತ್ತಿತ್ತು. ಶುಲ್ಕ ಏರಿದಾಗ ಒಪ್ಪಂದ ಬಿಡಲು ಹೊರಟೆವು. ಅಧ್ಯಾಪಕರು ರಾತ್ರಿಯೆಲ್ಲ ಕುಳಿತು ಸಿದ್ಧಪಡಿಸಿದ್ದ ಪ್ರಶ್ನೆಕೋಶ, ವಿದ್ಯಾರ್ಥಿಗಳ ನಿಯೋಜಿತ ಬರಹ, ಅವುಗಳ ಮೇಲಿನ ಟಿಪ್ಪಣಿ ಎಲ್ಲವೂ ಬೇರೆ ಯಾವ ತಂತ್ರಾಂಶವೂ ತೆರೆಯಲಾರದ ರೂಪದಲ್ಲಿ ನಮ್ಮ ಕೈಸೇರಿದವು. ಒಪ್ಪಂದಪತ್ರವನ್ನು ಮತ್ತೆ ಓದಿದೆವು. ದತ್ತಾಂಶವನ್ನು ಯಾವ ರೂಪದಲ್ಲಿ ಹಿಂದಿರುಗಿಸಬೇಕೆಂಬ ಒಂದು ಸಾಲೂ ಅದರಲ್ಲಿರಲಿಲ್ಲ. ಸಹಿ ಹಾಕುವಾಗ ನಾವ್ಯಾರೂ ಅದನ್ನು ಕೇಳಿರಲಿಲ್ಲ. ಆ ತಪ್ಪು ನಮ್ಮದು, ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಇಂತಹ ಕಲಿಕಾ ತಾಣವನ್ನು ಸಂಸ್ಥೆಯೇ ನಡೆಸಿಕೊಳ್ಳಲು ಮೂಡಲ್‌ನಂತಹ ಮುಕ್ತ ತಂತ್ರಾಂಶ 2002ರಿಂದಲೂ ಲಭ್ಯವಿದೆ, ಅದಕ್ಕೆ ಪರವಾನಗಿ ಶುಲ್ಕವಿಲ್ಲ. ಹಾಗೆಂದು ಅದು ತಾನಾಗಿ ನಡೆಯುವುದಿಲ್ಲ: ಪರೀಕ್ಷೆಯ ವಾರ ಸರ್ವರ್ ಕುಸಿದರೆ ಎಬ್ಬಿಸಲು, ಭದ್ರತಾ ಪರಿಷ್ಕರಣೆ ಅಳವಡಿಸಲು, ಪ್ರತಿ ತೆಗೆದಿಡಲು ಸಂಬಳ ಪಡೆಯುವ ನುರಿತ ಸಿಬ್ಬಂದಿ ಬೇಕು. ಆಡಳಿತ ಮಂಡಳಿಗಳು ಪರವಾನಗಿಗೆ ಸಹಿ ಹಾಕುವಷ್ಟು ಸುಲಭವಾಗಿ ಇಂತಹ ಹುದ್ದೆಗೆ ಒಪ್ಪುವುದಿಲ್ಲ. ನನ್ನ ದೃಷ್ಟಿಯಲ್ಲಿ ನಿಜವಾದ ಕೊರತೆ ಇರುವುದು ಇಲ್ಲಿ. ಸಣ್ಣ ಸಂಸ್ಥೆಗಳು ನಾಲ್ಕಾರು ಒಟ್ಟುಗೂಡಿ ಒಬ್ಬ ತಂತ್ರಜ್ಞರನ್ನು ಇಟ್ಟುಕೊಳ್ಳಬಹುದು.

ಯಾವುದೇ ಸೇವೆಯ ಒಪ್ಪಂದ ನವೀಕರಿಸುವ ಮುನ್ನ ಒಂದು ವರ್ಷದ ಸಂಪೂರ್ಣ ದತ್ತಾಂಶವನ್ನು ಕಂಪನಿಯಿಂದ ಕೇಳಿ ಪಡೆದು, ಬೇರೊಂದು ತಂತ್ರಾಂಶದಲ್ಲಿ ತೆರೆದು ನೋಡುವ ಕ್ರಮವನ್ನು ಶಿಕ್ಷಣ ಸಂಸ್ಥೆಗಳು ಕಡ್ಡಾಯ ಮಾಡಿಕೊಳ್ಳಬೇಕೆಂದು ಕೋರುತ್ತೇನೆ. ಅದು ತೆರೆದುಕೊಂಡ ಮೇಲೆ ಹಣ ಕೊಡಲಿ.

– ಓರ್ವ ನಿವೃತ್ತ ಅಧ್ಯಾಪಕ