ಭಾನುವಾರದ ಚರ್ಚೆಗೆ: ‘ದಿ ಸ್ಕಾರ್ಲೆಟ್ ಲೆಟರ್’

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ನಥಾನಿಯಲ್ ಹಾಥಾರ್ನ್ ಕಾದಂಬರಿ. ಪುಸ್ತಕ ಬಂದದ್ದು 1850ರಲ್ಲಿ, ಕಥೆ ನಡೆಯುವುದು 1640ರ ದಶಕದ ಬಾಸ್ಟನ್‌ನಲ್ಲಿ. ಅಲ್ಲಿನ ಪ್ಯೂರಿಟನ್ನರಿಗೆ, ಅಂದರೆ ಕಟ್ಟುನಿಟ್ಟಿನ ಪ್ರೊಟೆಸ್ಟೆಂಟ್ ಕ್ರೈಸ್ತರಿಗೆ, ಪಾಪವೂ ಅಪರಾಧವೂ ಹೆಚ್ಚುಕಡಿಮೆ ಒಂದೇ. ಲೇಖಕರ ಪೂರ್ವಜ ಜಾನ್ ಹಾಥಾರ್ನ್ 1692ರ ಸೇಲಂ ಮಾಟಗಾತಿ ವಿಚಾರಣೆಗಳಲ್ಲಿ ನ್ಯಾಯಾಧೀಶರಾಗಿದ್ದವರು. ಆ ಭಾರ ‘ಕಸ್ಟಮ್ ಹೌಸ್’ ಮುನ್ನುಡಿಯಲ್ಲೇ ಇದೆ, ದಯವಿಟ್ಟು ಅದನ್ನು ಬಿಟ್ಟು ಓದಬೇಡಿ.

ಶಿಕ್ಷೆಯ ಕಟ್ಟೆಯ ಮೇಲಿನ ಮೂರು ದೃಶ್ಯಗಳನ್ನು ನಿಧಾನವಾಗಿ ಓದಿ: 2, 12, 23ನೇ ಅಧ್ಯಾಯಗಳು. ವ್ಯಭಿಚಾರದ ಶಿಕ್ಷೆಯಾಗಿ ಎದೆಯ ಮೇಲೆ ಕೆಂಪು ‘ಎ’ (‘ಅಡಲ್ಟರಿ’, ಅಂದರೆ ವ್ಯಭಿಚಾರ) ಅಕ್ಷರ ಧರಿಸಬೇಕಾದ ನಾಯಕಿ ಹೆಸ್ಟರ್ ಕೂಸನ್ನೆತ್ತಿಕೊಂಡು ಹಾಡಹಗಲೇ ಊರೆದುರು ನಿಲ್ಲುತ್ತಾಳೆ. ಆ ಕೂಸಿನ ಗುಟ್ಟಿನ ತಂದೆಯಾದ ಪಾದ್ರಿ ಡಿಮ್ಸ್‌ಡೇಲ್ ಅದೇ ಕಟ್ಟೆಯನ್ನು ನಡುರಾತ್ರಿ ಕದ್ದು ಹತ್ತುತ್ತಾನೆ. ಆಗ ಆಕಾಶದಲ್ಲಿ ಉಲ್ಕೆಯ ಬೆಳಕು ‘ಎ’ ಅಕ್ಷರದಂತೆ ಕಾಣುತ್ತದೆ. ಅವನಿಗೆ ಅದು ತನ್ನ ಪಾಪದ ಗುರುತು. ಊರಿನವರಿಗೆ, ಅಂದು ತೀರಿಕೊಂಡ ಗವರ್ನರ್ ವಿನ್‌ಥ್ರಾಪ್ ದೇವದೂತರಾದ (‘ಏಂಜೆಲ್’ನ ‘ಎ’) ಸೂಚನೆ. ಒಂದೇ ಸಂಕೇತ ಇಷ್ಟು ಬೇರೆಯಾಗಿ ಓದಿಸಿಕೊಳ್ಳುವ ಈ ಅಧ್ಯಾಯವೇ ಪುಸ್ತಕದ ಜೀವಾಳ ಅಂತ ನನಗನ್ನಿಸುತ್ತದೆ.

ಇನ್ನೊಂದು ಪ್ರಶ್ನೆ. ಅವಮಾನಕ್ಕೆಂದು ಹೊರಿಸಿದ ಅಕ್ಷರವನ್ನು ಹೆಸ್ಟರ್ ಚಿನ್ನದ ದಾರದಲ್ಲಿ ಅಷ್ಟು ಚೆಂದವಾಗಿ ಕಸೂತಿ ಹಾಕಿದ್ದೇಕೆ? ಪಶ್ಚಾತ್ತಾಪವೋ, ಪ್ರತಿಭಟನೆಯೋ? ಎಲ್ಲರೂ ಒಂದೊಂದು ಉತ್ತರ ಯೋಚಿಸಿಕೊಂಡು ಬನ್ನಿ. ಹೆಸ್ಟರ್ ಮಗಳು ಪರ್ಲ್ ಮತ್ತು ಗಂಡ ಚಿಲ್ಲಿಂಗ್‌ವರ್ತ್ ಬಗ್ಗೆ ಮುಂದಿನ ವಾರ ಮಾತಾಡೋಣ.