ಬ್ಯಾಂಡೇಜ್ ಕಟ್ಟಿದರಷ್ಟೇ ಸಾಲದು, ಗಾಯ ನೋಡಲೂ ಕಲಿಸಿ

ಮಾನ್ಯರೇ,

ನಮ್ಮಪ್ಪನಿಗೆ 18 ವರ್ಷದಿಂದ ಸಕ್ಕರೆ ಕಾಯಿಲೆ. ಹೋದ ವರ್ಷ ಒಂದು ಮದುವೆಗೆ ಹೊಸ ಚಪ್ಪಲಿ ಹಾಕಿಕೊಂಡು ಹೋಗಿದ್ದರು. ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದು, ಒಡೆದೂ ಹೋಗಿತ್ತು. ಅವರಿಗೆ ನೋವೇ ಗೊತ್ತಾಗಿರಲಿಲ್ಲ. ನೆಲದ ಮೇಲೆ ರಕ್ತದ ಕಲೆ ನೋಡಿ ಅಮ್ಮ ಕೇಳಿದ ಮೇಲೇ ಕಾಲು ತಿರುಗಿಸಿ ನೋಡಿದ್ದು.

ಆಮೇಲೆ ಮೂರು ತಿಂಗಳು ದಿನ ಬಿಟ್ಟು ದಿನ ಹತ್ತಿರದ ಆಸ್ಪತ್ರೆಗೆ ಡ್ರೆಸ್ಸಿಂಗ್‌ಗೆ ಓಡಾಡಿದೆವು. ಒಂದು ದಿನ ಒಬ್ಬ ಸಿಸ್ಟರ್, ಇನ್ನೊಂದು ದಿನ ಇನ್ನೊಬ್ಬರು. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಸುರಿದು, ಒರೆಸಿ, ಬಟ್ಟೆ ಸುತ್ತಿ ಕಳಿಸುತ್ತಿದ್ದರು. ದಿನಾ ಅದನ್ನೇ ಸುರಿದರೆ ಹೊಸದಾಗಿ ಕಟ್ಟುವ ಮಾಂಸಕ್ಕೂ ಪೆಟ್ಟು ಅಂತ ನನಗೆ ಆಗ ಗೊತ್ತಿರಲಿಲ್ಲ. ಸಿಸ್ಟರ್‌ಗಳನ್ನು ನಾನು ದೂರುವುದಿಲ್ಲ, ಅವರಿಗೆ ಕಲಿಸಿದ್ದೇ ಅಷ್ಟು. ಆದರೆ ಗಾಯ ಎಷ್ಟು ಅಗಲ, ಎಷ್ಟು ಆಳ ಅಂತ ಒಂದು ಸಲವೂ ಯಾರೂ ಅಳೆದು ಬರೆದಿಡಲಿಲ್ಲ. ಹೋದ ವಾರಕ್ಕಿಂತ ಕಡಿಮೆಯಾಗಿದೆಯೋ ಜಾಸ್ತಿಯಾಗಿದೆಯೋ ಹೇಗೆ ತಿಳಿಯಬೇಕು?

ಕೊನೆಗೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಗಾಯದ ಆರೈಕೆಯಲ್ಲೇ ತರಬೇತಿ ಪಡೆದ ಸಿಸ್ಟರ್ ಒಬ್ಬರು ಇದ್ದರು. ಮೊದಲು ಕಾಗದದ ಸ್ಕೇಲ್ ಇಟ್ಟು ಅಳೆದು ಫೋಟೊ ತೆಗೆದರು. 10 ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆಯನ್ನು ಪಾದಕ್ಕೆ ಅಲ್ಲಲ್ಲಿ ಒತ್ತಿ 'ಗೊತ್ತಾಗ್ತಿದೆಯಾ' ಅಂತ ಕೇಳಿದರು. ಅಪ್ಪನಿಗೆ ಎಲ್ಲೂ ಗೊತ್ತಾಗಲಿಲ್ಲ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶವೇ ಹೋಗಿತ್ತು. ಕಾಲಿನ ಮತ್ತು ತೋಳಿನ ಬಿಪಿ ಎರಡನ್ನೂ ನೋಡಿ ಪಾದಕ್ಕೆ ರಕ್ತ ಹರಿಯುತ್ತಿದೆಯಾ ಅಂತ ಹೋಲಿಸಿದರು. ಮೊಂಡು ಕಡ್ಡಿಯೊಂದನ್ನು ಮೆಲ್ಲಗೆ ಗಾಯದೊಳಗೆ ಇಳಿಸಿದರು, ಅದು ಮೂಳೆಗೆ ತಾಗಿತು. ಸೋಂಕು ಮೂಳೆಗೆ ಇಳಿದಿರಬಹುದು ಎಂದರು, ಪರೀಕ್ಷೆಯಲ್ಲಿ ಅದೇ ನಿಜವಾಯಿತು. ಬೆರಳು ತೆಗೆಯಲೇಬೇಕಾಯಿತು. ಪಾದ ಉಳಿಯಿತು.

ಇಷ್ಟಕ್ಕೂ ಅವರು ಬಳಸಿದ ಸಾಮಾನಿನಲ್ಲಿ ದುಬಾರಿಯಾದದ್ದು ಏನೂ ಇರಲಿಲ್ಲ. ಇದೇ ನೋಟ ಮೊದಲ ವಾರವೇ ಸಿಕ್ಕಿದ್ದರೆ ಬೆರಳೂ ಉಳಿಯುತ್ತಿತ್ತೇನೋ ಅಂತ ಇವತ್ತಿಗೂ ಸಂಕಟ ಆಗುತ್ತದೆ.

ಸ್ಪರ್ಶ ಹೋದ ಪಾದದ ಮೇಲೆ ನಡೆಯುತ್ತಲೇ ಇದ್ದರೆ ಯಾವ ಮುಲಾಮೂ ಕೆಲಸ ಮಾಡುವುದಿಲ್ಲ, ಗಾಯದ ಮೇಲೆ ಬೀಳುವ ಮೈಭಾರ ತಪ್ಪಿಸಬೇಕು. ಇದು ಹೊಸ ವಿಷಯವಲ್ಲ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಸ್ಪರ್ಶ ಕಳೆದುಕೊಂಡ ಕುಷ್ಠರೋಗಿಗಳ ಪಾದದ ಹುಣ್ಣಿಗೆ ಪ್ಲಾಸ್ಟರ್ ಹಾಕಿ ವಾಸಿ ಮಾಡಿದ್ದು ಇದೇ ಕಾರಣಕ್ಕೆ. ಹಾಗೆಯೇ ಗಾಯ ಒಣಗಿದಷ್ಟೂ ಒಳ್ಳೆಯದು ಅಂತ ನಾವೆಲ್ಲ ನಂಬಿದ್ದೇವೆ, ಅಲ್ವಾ? ಹದವಾದ ತೇವ ಇದ್ದರೆ ಚರ್ಮ ಬೇಗ ಕೂಡುತ್ತದೆ ಅಂತ ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲೇ ತೋರಿಸಿದ್ದರು. ಆದರೆ ರಕ್ತವೇ ಹರಿಯದೆ ಕಪ್ಪಾಗಿ ಒಣಗಿದ ಬೆರಳನ್ನು ಒಣಗಿದಂತೆಯೇ ಇಡಬೇಕಾಗುತ್ತದೆ. ಯಾವ ಗಾಯಕ್ಕೆ ಯಾವುದು ಅಂತ ಗುರುತಿಸುವುದೇ ವಿದ್ಯೆ. ಅದು ಒಂದು ದಿನದ ಕಾರ್ಯಾಗಾರದಲ್ಲಿ ಸ್ಲೈಡ್ ನೋಡಿದರೆ ಬರುವುದಿಲ್ಲ, ತಿಳಿದವರ ಪಕ್ಕ ನಿಂತು ಕೆಲವು ವಾರವಾದರೂ ನೂರಾರು ಗಾಯ ಬಿಚ್ಚಿ ನೋಡಬೇಕು.

ಸಕ್ಕರೆ ಕಾಯಿಲೆಗೆ ಚಿಕಿತ್ಸೆ ಕೊಡುವ ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್‌ನಲ್ಲಿ ಪಾದ ಚಿಕಿತ್ಸೆಗೇ ಒಂದು ವಿಭಾಗ ಇದೆ. ಆರೋಗ್ಯ ಇಲಾಖೆ ಪ್ರತಿ ತಾಲ್ಲೂಕು ಆಸ್ಪತ್ರೆಯಿಂದ ಇಬ್ಬರು ಸಿಸ್ಟರ್‌ಗಳನ್ನು ಸಂಬಳ ಸಮೇತ ಇಂಥ ಕಡೆ ತರಬೇತಿಗೆ ಕಳಿಸಲಿ. ಕಲಿತು ಬಂದವರನ್ನು ಹೆರಿಗೆ ವಾರ್ಡಿಗೋ ಲಸಿಕೆ ಕೆಲಸಕ್ಕೋ ಹಾಕದೆ ಡ್ರೆಸ್ಸಿಂಗ್ ಕೋಣೆಯಲ್ಲೇ ಉಳಿಸಲಿ. ನಾಲ್ಕು ವಾರದಲ್ಲಿ ಪಾದದ ಹುಣ್ಣು ಅರ್ಧದಷ್ಟಾದರೂ ಕುಗ್ಗದಿದ್ದರೆ ರೋಗಿಯನ್ನು ದೊಡ್ಡಾಸ್ಪತ್ರೆಗೆ ಕಳಿಸುವ ಅಧಿಕಾರವೂ ಅವರಿಗಿರಲಿ.

-ಒಬ್ಬ ಓದುಗ, ತುಮಕೂರು ಜಿಲ್ಲೆ