ಬಾದಾಮಿಯ ಅರ್ಧನಾರೀಶ್ವರನ ಒಡವೆಗೂ ಒಂದು ಫಲಕ ಬೇಕು

ಮಾನ್ಯರೇ,

ಗಂಡುಹುಡುಗರು ಕಿವಿ ಚುಚ್ಚಿಸಿಕೊಳ್ಳುವುದು ಹೊರಗಿನಿಂದ ಬಂದ ಶೋಕಿ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ನಾನು ಗುಳೇದಗುಡ್ಡದ ಪತ್ತಾರ, ಅಂದರೆ ಅಕ್ಕಸಾಲಿಗ, ಬೆಳ್ಳಿ ಕೆಲಸ ಜಾಸ್ತಿ. ಅವರು ಒಮ್ಮೆ ಬಾದಾಮಿಯ ಮೊದಲನೇ ಗುಹೆಗೆ ಬರಬೇಕು.

ಅಲ್ಲಿ 6ನೇ ಶತಮಾನದ ಅರ್ಧನಾರೀಶ್ವರ ಇದ್ದಾನೆ. ಬಲಭಾಗ ಶಿವ, ಎಡಭಾಗ ಪಾರ್ವತಿ. ಬಲಗೈಯಲ್ಲಿ ಕೊಡಲಿ, ಎಡಗೈಯಲ್ಲಿ ತಾವರೆ. ಮುಂದಿನ ಎರಡು ಕೈ, ಅವನದೊಂದು ಅವಳದೊಂದು, ಸೇರಿ ಒಂದೇ ವೀಣೆ ನುಡಿಸುತ್ತವೆ. ಬಾದಾಮಿಯದು ಮರಳುಗಲ್ಲು. ಬೇಲೂರಿನ ಬಳಪದ ಕಲ್ಲಿನಲ್ಲಿ ಆದಷ್ಟು ಸಣ್ಣ ಕುಸುರಿ ಇದರಲ್ಲಿ ಕಷ್ಟ. ಆದರೂ ಆ ಶಿಲ್ಪಿ ಯಾವ ಬದಿ ಯಾರದು ಎಂಬುದನ್ನು ಒಡವೆಯಿಂದಲೂ ಹೇಳಿದ್ದಾನೆ. ಮೈ ಮಾತ್ರ ಒಂದೇ. ನಾನು ಕಣ್ಣಿಟ್ಟು ನೋಡಿದೆ, ಬೆಸುಗೆ ಎಲ್ಲೂ ಕಾಣದು.

ಪಕ್ಕದಲ್ಲೇ ಬರೀ ಎಲುಬಿನ ಭೃಂಗಿ, ಶಿವಭಕ್ತ ಋಷಿ. ಶಿವನಿಗೆ ಮಾತ್ರ ಸುತ್ತು ಬರುತ್ತೇನೆ ಎಂದು ಹಟ ಹಿಡಿದವನು. ತಾಯಿಯಿಂದ ಬಂದ ರಕ್ತ, ಮಾಂಸವನ್ನು ಪಾರ್ವತಿ ಕಿತ್ತುಕೊಂಡಳು ಎನ್ನುತ್ತದೆ ಕತೆ. ಗಂಡಸಿನ ಮೈಯಲ್ಲೂ ಹೆಣ್ಣಿನ ಪಾಲಿದೆ ಎಂದು ಇದಕ್ಕಿಂತ ನೇರವಾಗಿ ಹೇಳಿದ ಕಲ್ಲನ್ನು ನಾನು ಕಂಡಿಲ್ಲ.

ನಮ್ಮ ಅಜ್ಜಂದಿರ ಕಿವಿಯಲ್ಲಿ ಒಂಟಿ ಇತ್ತು, ಸೊಂಟದಲ್ಲಿ ಬೆಳ್ಳಿಯ ಉಡದಾರ ಇತ್ತು. ಬೇಲೂರಿನ ದ್ವಾರಪಾಲಕರಿಗಂತೂ ಕಿರೀಟದಿಂದ ಕಾಲಿನವರೆಗೆ ಒಡವೆ.

ಗಂಡಾಗಿ ಹುಟ್ಟಿ, ಎಲ್ಲಮ್ಮನಿಗೆ ಮುಡಿಪಾಗಿ ಸೀರೆ ಉಡುವವರು ಜೋಗಪ್ಪಗಳು. ಈಚೆಗೆ ಸವದತ್ತಿಯ ಎಲ್ಲಮ್ಮನ ಗುಡಿಗೆ ಹೊರಟಿದ್ದ ಜೋಗಪ್ಪ ಒಬ್ಬರು ಪೇಟೆಯ ಅಂಗಡಿಯೊಂದರಲ್ಲಿ ಮೂಗುತಿ ಕೇಳಿದರೆ ಅಲ್ಲಿದ್ದವರು ನಕ್ಕರಂತೆ. ನನ್ನ ಹತ್ತಿರ ಬಂದಾಗ ಅವರ ಕಣ್ಣು ತುಂಬಿತ್ತು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. 2021ರಲ್ಲಿ ಇದೇ ಪರಂಪರೆಯ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು ಪದ್ಮಶ್ರೀ ಪಡೆದಾಗ ಹೆಮ್ಮೆಪಟ್ಟ ಜನ ನಾವೇ ಅಲ್ವಾ? ನನ್ನಲ್ಲಿಗೆ ಬಂದ ಆ ಜೋಗಪ್ಪನವರ ಮೂಗಿನ ಹೊಳ್ಳೆ ಸ್ವಲ್ಪ ದಪ್ಪ, ಹಾಗಾಗಿ ಮೂಗುತಿಯ ಕಡ್ಡಿ ಉದ್ದ ಇಟ್ಟು ಮಾಡಿಕೊಟ್ಟೆ. ಪತ್ತಾರ ನೋಡಬೇಕಾದ ಅಳತೆ ಅಷ್ಟೇ.

ಗುಹೆಗೆ ಬರುವ ಶಾಲೆಯ ಮಕ್ಕಳು 18 ಕೈಗಳ ನಟರಾಜನ ಕೈ ಎಣಿಸಿ ಮುಂದೆ ಓಡುತ್ತಾರೆ. ಅರ್ಧನಾರೀಶ್ವರನ ಮುಂದೆಯೂ ಅವರನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಎಂದು ಶಿಕ್ಷಕರನ್ನು ಕೇಳಿಕೊಳ್ಳುತ್ತೇನೆ. ಯಾವ ಬದಿಗೆ ಯಾವ ಒಡವೆ, ಯಾಕೆ ಎಂದು ತಿಳಿಸುವ ಕನ್ನಡ ಫಲಕವೊಂದನ್ನು ಸಂಬಂಧಪಟ್ಟವರು ಅಲ್ಲಿ ಹಾಕಿಸಲಿ. ಒಡವೆಗಳನ್ನು ಗುರುತಿಸಲು ಪತ್ತಾರರು ಬೇಕಾದರೆ ನಾನು ಬರುತ್ತೇನೆ, ದುಡ್ಡು ಬೇಡ.

– ಬೆಳ್ಳಿ ಕೆಲಸದ ಪತ್ತಾರ, ಗುಳೇದಗುಡ್ಡ